ನಾನು ನಿಲ್ಲಿಸಿದ ಫಾರ್ಸು

ಹಜರೇಸಾಬನ ಫಾರ್ಸನ್ನು ಅರ್ಧಕ್ಕೆ ನಿಲ್ಲಿಸಿದವನು ನಾನು. ಇದು ಊರಿಗೆಲ್ಲ ಗೊತ್ತು. ಇದರಿಂದಲೇ ಊರಲ್ಲಿ ನನಗೆ ಇಷ್ಟು ಮರ್ಯಾದೆ. ಆದರೆ ದೇಶಾಭಿಮಾನದಿಂದ ನಿಲ್ಲಿಸಿದೆನೆಂಬುದು ಸುಳ್ಳು. ಹೆದರಿ ನಿಲ್ಲಿಸಿದೆ — ನನ್ನ ಮಾನ ಉಳಿಸಿಕೊಳ್ಳಲು ಒಬ್ಬ ಬಡವನ ಮಾನ ತೆಗೆದೆ.

ಅದು ಚಲೇಜಾವ್ ಚಳವಳಿಯ ವರ್ಷ. ಹುಲಗೂರಿನ ಹತ್ತಿರದ ನಮ್ಮ ಹಳ್ಳಿಯ ಸರಕಾರಿ ಚಾವಡಿಯಲ್ಲಿ ಒಂದು ಮಧ್ಯಾಹ್ನ ಬಾಂಬು ಸಿಡಿಯಿತು. ಒಳಗೆ ಜ್ವರ ಬಂದು ಮಲಗಿದ್ದ, ಚಾವಡಿ ಕಾಯುವ ವಾಲೀಕಾರ ಭರಮಪ್ಪನ ಎರಡೂ ಕಣ್ಣು ಹೋದವು. ಇಟ್ಟವನು ಯಾರೆಂದು ಪೊಲೀಸರಿಗೆ ಕೊನೆಗೂ ತಿಳಿಯಲಿಲ್ಲ. ಇಟ್ಟವನು ನಾನು. ವೈಷ್ಣವ ಆಚಾರ್ಯರ ಮಗ, ಶಾಲೆಯ ಮಾಸ್ತರ, ಊರ ನಾಟಕಕ್ಕೆ ಹಾರ್ಮೋನಿಯಂ ಬಾರಿಸುವವ — ನನ್ನ ಮೇಲೆ ಸಂಶಯ ಪಡುವವರು ಯಾರು? ಊಟದ ಹೊತ್ತಿಗೆ ಭರಮಪ್ಪ ಮನೆಗೆ ಹೋಗುತ್ತಾನೆಂದು ನಂಬಿದ್ದೆ, ಅಷ್ಟು ನಿಜ. ಆದರೆ ಬತ್ತಿಗೆ ಕಡ್ಡಿ ಗೀರುವಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಕೇಳಿಸಿತು — ಕೇಳಿಸಲಿಲ್ಲವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಕೈಯಲ್ಲಿ ಕಡ್ಡಿ ಉರಿಯುತ್ತಿತ್ತು, ಆರಿಸಬಹುದಿತ್ತು. ಒಂದು ಕೂಗು ಹಾಕಿದ್ದರೂ ಸಾಕಿತ್ತು. ಹಚ್ಚಿದೆ. ಧೋತರ ಒದ್ದೆ ಮಾಡಿಕೊಂಡು ಓಡಿದೆ. ಇದು ನನ್ನ ಶೌರ್ಯ.

ಮರುವರ್ಷ ಊರಲ್ಲಿ ನಾಟಕ ನಿಶ್ಚಯವಾಯಿತು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಹಗಲಿನಲ್ಲೇ ಆಟ. ನಾಟಕದ ನಡುವೆ ಜನರನ್ನು ನಗಿಸುವ ಫಾರ್ಸು ಹಜರೇಸಾಬನದು. ಅವನು ಬಂಕಾಪುರದಿಂದ ಬಂದು ನಮ್ಮೂರಲ್ಲಿ ನೆಲೆ ನಿಂತ ಕಲಾಯಿಗಾರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಲೇ ಹೆಂಗಸರನ್ನು ಹೊಟ್ಟೆ ಹಿಡಿದುಕೊಳ್ಳುವಂತೆ ನಗಿಸುತ್ತಿದ್ದ. ನಾಟಕವನ್ನು ತಿಂಗಳುಗಟ್ಟಲೆ ಕಲಿಸುತ್ತಿದ್ದೆ, ಫಾರ್ಸನ್ನು ಮಾತ್ರ ಯಾರೂ ಕಲಿಸುತ್ತಿರಲಿಲ್ಲ. ರಂಗದ ಮೇಲೆ ಬಾಯಿಗೆ ಬಂದದ್ದೇ ಫಾರ್ಸು. ಈ ಸಲ ಬಾಂಬಿನ ಫಾರ್ಸೆಂದು ತಿಳಿದು ಊರಲ್ಲಿ ಗುಸುಗುಸು ಎದ್ದಿತ್ತು. ಅವನು ನನ್ನ ಕಟ್ಟೆಗೆ ಬಂದು ಕೇಳಿದ.

"ಆಚಾರ್ರ, ಬಾಂಬಿನ ಮ್ಯಾಲ ನಗಸೂದು ತಪ್ಪಂತ ಕೆಲವ್ರು ಅಂತಾರ್ರಿ. ನೀವ ಹೇಳ್ರಿ, ಆಡ್ಲ್ಯೋ ಬ್ಯಾಡೋ?"

"ಆಡಪಾ. ನಗೂದಕ್ಕ ಯಾರಪ್ಪನ ಅಪ್ಪಣಿ ಬೇಕು?" ಎಂದೆ. ದೊಡ್ಡ ಮನಸ್ಸಿನವನಂತೆ ಕಾಣುವ ಚಟ ನನಗೆ ಆಗಲೂ ಇತ್ತು.

ಫಾರ್ಸಿನಲ್ಲಿ ಹಜರೇಸಾಬನೇ ಬಾಂಬಿನವನು; ಬಾಂಬನ್ನು ಬುತ್ತಿಯ ಗಂಟಿನಲ್ಲಿ ಕಟ್ಟಿಕೊಂಡು ಹೊರಡುತ್ತಾನೆ. ಹಸಿದ ಪೊಲೀಸ್ ಫೌಜದಾರ ಬೆನ್ನು ಹತ್ತುತ್ತಾನೆ, ಒಂದು ರೊಟ್ಟಿಯಾದರೂ ಕೊಡು ಎಂದು. "ಇದು ಉಣ್ಣೂ ರೊಟ್ಟಿ ಅಲ್ರಿ ಸಾಹೇಬ್ರ, ಉಂಡವ್ರನ್ನ ಉಣ್ಣೂ ರೊಟ್ಟಿ!" ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಬಾಂಬಿನವನು ಚಾವಡಿಗೆ ಬಂದ, ಗಂಟು ಇಟ್ಟ, ಕಡ್ಡಿ ಗೀರಿದ. ಪರದೆಯ ಹಿಂದಿನಿಂದ ಕೆಮ್ಮು. ಹಜರೇಸಾಬ ಒಂದು ಕಾಲೆತ್ತಿ ನಿಂತೇಬಿಟ್ಟ.

"ಯಾರೋ ಕೆಮ್ಮಿದ್ರಲ್ಲ... ಏ, ಇರ್ಲಿಕ್ಕಿಲ್ಲ. ದೇಶ ಕೆಮ್ಮಿರಬೇಕು!"

ಹಾರ್ಮೋನಿಯಂ ಬಿಟ್ಟು, ಯಾರಾದರೂ ನನ್ನ ಕಡೆ ನೋಡುತ್ತಿದ್ದಾರೆಯೇ ಎಂದು ಜನರತ್ತ ತಿರುಗಿದೆ. ಹಜರೇಸಾಬನಿಗೇನೂ ಗೊತ್ತಿರಲಿಲ್ಲ, ಭರಮಪ್ಪ ಜ್ವರದಲ್ಲಿ ಒಳಗಿದ್ದದ್ದು ಊರಿಗೇ ಗೊತ್ತಿದ್ದ ಸಂಗತಿ, ಅದಕ್ಕೊಂದು ಕೆಮ್ಮು ಸೇರಿಸಿದ್ದ, ಅಷ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಅಷ್ಟರಲ್ಲಿ ಕೆಲವು ಹುಡುಗರು ಎದ್ದು ಕೂಗತೊಡಗಿದರು — "ನಮ್ಮ ಮಂದೀನ್ನ ಅಣಕಸ್ತಾನ, ನಿಲ್ಲಸ್ರಿ!"

ಅದೇ ಹೊತ್ತಿಗೆ ಭರಮಪ್ಪನ ಹೆಂಡತಿ ರಂಗದ ಪಕ್ಕಕ್ಕೆ, ನನ್ನ ಬಳಿ ಬಂದಳು. ಅವರ ಕೇರಿಯವರು ಎಲ್ಲರ ಹಿಂದೆ ಬೇವಿನ ಗಿಡದ ಬುಡದಲ್ಲಿ ಕೂಡುತ್ತಿದ್ದರು. ಭರಮಪ್ಪ ಬಂದದ್ದೇ ಮುಂದಿನವರಿಗೆ ತಿಳಿದಿರಲಿಲ್ಲ. ಅವಳ ಕೈಯಲ್ಲಿ ಅವನ ತಲೆಯ ರುಮಾಲು. ಆ ಗದ್ದಲದಲ್ಲಿ ಅವಳ ಮಾತು ನನಗೊಬ್ಬನಿಗೇ ಕೇಳಿಸಿತು.

"ನಮ್ಮ ಮನಿಯವ್ರು ಸಾಬಗ ಆಯೇರು ಕೊಟ್ಟಾರ್ರಿ. ಕಣ್ಣ ಹೋದ ಮ್ಯಾಲ ಇವತ್ತ ಮದಲ ಸಲ ನಕ್ಕಾರ್ರಿ ಅವ್ರು. ಹೆಸರ ಹಿಡದು ಕೂಗಬೇಕಂತ್ರಿ."

ನಮ್ಮಲ್ಲಿ ಆಟ ಮೆಚ್ಚಿ ಆಯೇರು ಕೊಟ್ಟರೆ ಮಾಸ್ತರ ಆಟ ನಿಲ್ಲಿಸಿ, ಕೊಟ್ಟವರ ಹೆಸರು ಕೂಗಬೇಕು. ನಾನು ರುಮಾಲು ಇಸಿದುಕೊಂಡು ಎದ್ದು ನಿಂತೆ. ಕೂಗುತ್ತಿದ್ದ ಹುಡುಗರೂ ಸುಮ್ಮನಾದರು. ಭರಮಪ್ಪನ ಹೆಸರೊಂದನ್ನು ಹೇಳಿದ್ದರೆ ಮುಗಿದಿತ್ತು — ಕಣ್ಣು ಕಳೆದುಕೊಂಡವನೇ ಮೆಚ್ಚಿದ್ದಾನೆಂದರೆ ಎದುರು ಮಾತಾಡಲು ಯಾರಿಗೆ ಬಾಯಿ? ಆದರೆ ಹೆಸರು ಹೇಳಿದ್ದರೆ ಫಾರ್ಸು ಮುಂದುವರಿಯುತ್ತಿತ್ತು. ಕೆಮ್ಮು ಕೇಳಿಸಿದ ಮೇಲೆ ಬಾಂಬಿನವನು ಏನು ಮಾಡಿದನೆಂದು ಊರೆಲ್ಲ ನೋಡುತ್ತಿತ್ತು.

"ದೇಶಕ್ಕ ಪ್ರಾಣ ಒತ್ತಿ ಇಟ್ಟವ್ರನ್ನ ನಗಿಗೀಡು ಮಾಡೂದು ದ್ರೋಹ! ಪಡದೆ ಎಳೀರಿ!" ಎಂದು ಕೂಗಿದೆ.

ಚಪ್ಪಾಳೆ. ಹಜರೇಸಾಬ ಬಣ್ಣದ ಮುಖದಲ್ಲೇ ನನ್ನ ಬಳಿ ಬಂದ. "ಆಚಾರ್ರ, ನೀವ ಆಡು ಅಂದಿದ್ರಲ್ರಿ?"

"ನಾ ಅಂದಿಲ್ಲ," ಎಂದೆ. ಅವನು ಬಣ್ಣ ಒರೆಸಿಕೊಳ್ಳುತ್ತ ಪರದೆಯ ಹಿಂದೆ ಹೋದ. ರುಮಾಲನ್ನು ಮರುದಿನ ಕೆರೆಗೆ ಎಸೆದೆ.

ಹೆಂಗಸರು ಅವನಿಗೆ ಪಾತ್ರೆ ಕೊಡುವುದನ್ನು ಬಿಟ್ಟರು. ಸರಕಾರದ ನಾಯಿ ಎಂದು ಹುಡುಗರು ಬೆನ್ನ ಹಿಂದೆ ಕೂಗಿದರು. ಅವರಲ್ಲಿ ನನ್ನ ಶಾಲೆಯವರೂ ಇದ್ದರು. ಒಬ್ಬನನ್ನೂ ನಾನು ಗದರಿಸಲಿಲ್ಲ. ಹಜರೇಸಾಬ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಿರೇಕೆರೂರಿನ ಕಡೆ ಹೋದ. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲೇ ಮಣ್ಣಾದ ಸುದ್ದಿ ಬಂತು. ತನಗೆ ಭರಮಪ್ಪ ಆಯೇರು ಕೊಟ್ಟಿದ್ದನೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಸ್ವರಾಜ್ಯ ಬಂದಿದೆ. ನಾಟಕ ಮಂಡಳಿಗೆ ನಾನೇ ಅಧ್ಯಕ್ಷ. ಮೊನ್ನೆ ತರುಣರು ಬಂದಿದ್ದರು: ಬಾಂಬಿನ ಮೇಲೆ ಹಾಸ್ಯವಿರುವ ಆಟವೊಂದಿದೆ, ಆಡಬೇಕೋ ಬೇಡವೋ ನೀವೇ ಹೇಳಬೇಕು ಎಂದರು. ಇಂಥದ್ದನ್ನು ಕೇಳಲು ನನಗಿಂತ ತಕ್ಕವನು ಸಿಗಲಿಲ್ಲ ನೋಡಿ. ಕಟ್ಟೆಯ ಕೆಳಗೆ ಕೋಲು ಹಿಡಿದು ಕುಳಿತಿದ್ದ ಭರಮಪ್ಪ ಮುಖವೆತ್ತಿದ.

"ಆಡ್ರೆಪಾ. ಆ ಸಾಬನ ಆಟಧಂಗ ಅರ್ಧಾಕ್ಕ ಮಾತ್ರ ನಿಲ್ಲಸಬ್ಯಾಡ್ರಿ." ಆಮೇಲೆ ನನ್ನ ದನಿ ಇದ್ದ ಕಡೆ ತಿರುಗಿದ. "ಆಚಾರ್ರ, ಅವತ್ತ ಮುಂದಿನ ಆಟ ಕೇಳೂದು ಹಂಗ ಉಳೀತ್ರಿ. ಕೆಮ್ಮು ಕೇಳಿಸಿದ ಮ್ಯಾಲ ಆ ಬಾಂಬಿನವ ಏನ ಮಾಡಿದ್ನರಿ?"

ಗೊತ್ತಿಲ್ಲ ಎಂದೆ. ಅದೂ ಸುಳ್ಳು.

ತರುಣರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಆಡಿರೆನ್ನಲು, ಬೇಡವೆನ್ನಲು ನಾನು ಯಾರು? ಮೊದಲು ಭರಮಪ್ಪನ ಮನೆಗೆ ಹೋಗುತ್ತೇನೆ, ಇವತ್ತೇ. ಬಾಂಬಿನವನು ಕೂಗಲಿಲ್ಲ, ಕಡ್ಡಿ ಆರಿಸಲಿಲ್ಲ, ಓಡಿಹೋದ ಎಂದು ಹೇಳುತ್ತೇನೆ. ಆಮೇಲೆ ಆ ಬಾಂಬಿನವನ ಹೆಸರು ಹೇಳುತ್ತೇನೆ.