ಮಧ್ಯಾಹ್ನ ಅರಳುವ ಹೂವು

ಸಾಲಿಗ್ರಾಮದಲ್ಲಿ ನಮ್ಮ ಪಕ್ಕದ ಮನೆಯ ವನಮಾಲಕ್ಕ ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ಮೂಗು ಒರೆಸಿ ನಿವೃತ್ತಿಯಾದವರು. ತಮಗೆಂದು ಅವರು ಇಟ್ಟುಕೊಂಡದ್ದು ಒಂದು ಕಳ್ಳಿಗಿಡ, ಅಷ್ಟೇ. ನಿಂಬೆಹಣ್ಣಿನಷ್ಟು ದಪ್ಪ, ಮೈತುಂಬ ಮುಳ್ಳು. ಅದರ ಮೂಲ ದಕ್ಷಿಣ ಅಮೆರಿಕದ ಹುಲ್ಲುಗಾವಲಂತೆ. ಹಳದಿ ಹೂವು ಗಿಡಕ್ಕಿಂತ ದೊಡ್ಡದಾಗಿ ಬರುತ್ತದೆ, ಬಿಸಿಲು ನೆತ್ತಿಗೇರಿದಾಗ ಮಾತ್ರ ಅರಳುತ್ತದೆ ಎಂದು ನರ್ಸರಿಯವರು ಹೇಳಿ ಕಳಿಸಿದ್ದರು. ಆ ಹೂವನ್ನು ಒಮ್ಮೆ, ಗಿಡದ ಮೇಲೆಯೇ, ಕಣ್ತುಂಬ ನೋಡಬೇಕು ಎಂಬುದು ಅವರ ಆಸೆ. ಅದಕ್ಕಾಗಿ ನಾಲ್ಕು ಮಳೆಗಾಲ ಗಿಡದ ಮಣ್ಣಿನ ಚಟ್ಟಿಯನ್ನು ಜಗಲಿಗೆ ಹೊತ್ತು, ಅದು ಕೊಳೆಯದಂತೆ ಕಾದರು.

ಈ ಮಾರ್ಚಿನಲ್ಲಿ ಮೂರು ಮೊಗ್ಗು ಬಂತು. ಮೊದಲನೆಯದು ಬಲಿತ ಸಂಜೆಯೇ ಮಾಯ. ಗಂಡ ವಿಷ್ಣುಮೂರ್ತಿಗಳು ದಾಸವಾಳದ ಬಲಿತ ಮೊಗ್ಗನ್ನು ಸಂಜೆಯೇ ಕೊಯ್ದು ನೀರಿನಲ್ಲಿಡುತ್ತಾರೆ; ಬೆಳಗಿನ ಪೂಜೆಗೆ ಅವು ಅರಳಿರುತ್ತವೆ. ಇದನ್ನೂ ಹಾಗೇ ಇಟ್ಟರು. ಬೆಳಗಾದರೂ ಅದು ಬಾಯಿ ಬಿಡಲಿಲ್ಲ.

“ಇದೆಂತ ಹೂಗು ಮಾರಾಯ್ತಿ, ಅರಳೂದೇ ಇಲ್ಲ” ಎಂದು ಅವರೇ ದೂರಿದರು.

“ಅದ್ ಮಧ್ಯಾಹ್ನ ಅರಳೂದ್ ಅಂದ್ ಎಷ್ಟ್ ಸಲ ಹೇಳ್ದೆ ನಾನು?”

“ದೇವ್ರಿಗಲ್ದಾ ಕೊಯ್ದದ್.”

ದೇವರ ಹೆಸರು ಬಂದ ಮೇಲೆ ಮಾತು ಮುಗಿಯಿತು. ಬೇಲಿಯಾಚೆ ನಿಂತು ಕೇಳಿದ ನನಗೇ ಮೈ ಉರಿಯಿತು.

ಎರಡನೆಯ ಮೊಗ್ಗಿಗೆ ವನಮಾಲಕ್ಕ ಗಂಡನ ಕೈಗೆ ಸಿಗದಂತೆ ಸಂಜೆ ಬುಟ್ಟಿ ಕವುಚಿ, ಬೆಳಿಗ್ಗೆ ತೆಗೆದರು. ಹನ್ನೆರಡಕ್ಕೆ ಹೊರಗೆ ಹೋಗಬೇಕೆಂದುಕೊಂಡರೆ ಹುಳಿಗೆ ಒಗ್ಗರಣೆ ಆಗಿರಲಿಲ್ಲ, ಗಂಡನ ಊಟ ಹನ್ನೆರಡೂವರೆಗೆ ತಪ್ಪುವಂತಿಲ್ಲ. ಸೌಟು ಕೈಯಲ್ಲಿರುವಾಗಲೇ ವಿಷ್ಣುಮೂರ್ತಿಗಳು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಅಂಗೈಯಲ್ಲಿ ಆ ಹಳದಿ ಹೂವು.

“ನೀ ಈ ಬಿಸ್ಲಿಗೆ ಬಪ್ಪುದ್ ಬ್ಯಾಡ ಅಂದ್ ನಾನೇ ಕೊಯ್ಕಂಡ್ ಬಂದೆ. ಕಾಣ್, ಲಾಯ್ಕಿತ್ತ್.”

ಅವರ ಮುಖದಲ್ಲಿ ನಿಜವಾಗಿಯೂ ಪ್ರೀತಿಯಿತ್ತು, ಅದಕ್ಕೇ ಬೈಯಲೂ ಆಗಲಿಲ್ಲ ಎಂದು ವನಮಾಲಕ್ಕ ಆಮೇಲೆ ನನ್ನ ಹತ್ತಿರ ಅತ್ತರು. ಅಡುಗೆಮನೆಯ ನೆರಳಿಗೆ ಹೂವು ಆಗಲೇ ಮುಚ್ಚಿಕೊಳ್ಳುತ್ತಿತ್ತು.

ವನಮಾಲಕ್ಕ ಗ್ಯಾಸ್ ಆರಿಸಿದರು.

“ಹ್ವಾಯ್, ಇನ್ನೊಂದ್ ಮೊಗ್ಗಿತ್ತ್. ನಾನ್ ಅದ್ರ ಹತ್ರ ಕೂಕಂತೆ. ಅನ್ನ ನೀವೇ ಬಡ್ಸ್ಕಣಿ.”

ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಮಾತು ಅದು. ವನಮಾಲಕ್ಕ ಕೊಡೆ ಬಿಡಿಸಿ, ಮಣೆ ಹಾಕಿಕೊಂಡು ಚಟ್ಟಿಯ ಪಕ್ಕ ಕೂತೇಬಿಟ್ಟರು. ಆ ಮೊಗ್ಗು ಅರಳಲು ಇನ್ನೂ ನಾಲ್ಕು ದಿನವಿತ್ತು.