ಅವನ ಕೈಯ ಎಲೆ ಅಡಿಕೆ

ಸಾಸಲಿನಲ್ಲಿದ್ದ ನನ್ನ ಸೋದರತ್ತೆಯ ಹೊಲ ಕೊಳ್ಳಲು ನಮ್ಮ ದಾಯಾದಿಯೊಬ್ಬ ಬಂದ. ಕಸುಬಿನಲ್ಲಿ ದಲ್ಲಾಳಿ; ಅವನಲ್ಲಿ ಬೆಳ್ಳಗಿದ್ದದ್ದು ಅಂಗಿಯೊಂದೇ. "ಬೇರೆಯವ್ರಿಗೆ ಮಾರೋಕಲ್ಲ ಅತ್ತೆ, ನಾನೇ ಮನೆ ಕಟ್ಕೊಂಡು ನಿನ್ ಪಕ್ಕದಲ್ಲೇ ಇರ್ತೀನಿ" ಎಂದು ಎಲೆ ಅಡಿಕೆ ಕೊಟ್ಟು ಕರಾರು ಬರೆಸಿಕೊಂಡ. ಎಲೆ ಅಡಿಕೆ ಹಿಡಿದ ಮೇಲೆ ನಮ್ಮಲ್ಲಿ ಮಾತು ಮುಗಿಯಿತು. ಹೆಚ್ಚು ಬೆಲೆ ಹೇಳಿ ಬಂದವರನ್ನು ಅತ್ತೆ ಬಾಗಿಲಲ್ಲೇ ಕಳುಹಿಸಿಬಿಟ್ಟಳು.

ನೋಂದಣಿಯ ದಿನ ಕೊಳ್ಳುವವನಾಗಿ ನಿಂತಿದ್ದವನು ಲೇಔಟ್ ಮಾಡುವ ಯಾರೋ ಅಪರಿಚಿತ. ನಮ್ಮವನು ಕರಾರನ್ನೇ ಅವನಿಗೆ ಲಾಭಕ್ಕೆ ಮಾರಿಕೊಂಡಿದ್ದ. ಕೊಟ್ಟ ಮಾತೆಂದು ಅತ್ತೆ ಹೆಬ್ಬೆಟ್ಟು ಒತ್ತಿದಳು. ನಮ್ಮವನು ಹಲ್ಲುಕಿರಿಯುತ್ತ ಸಾಕ್ಷಿಯೆಂದು ರುಜು ಹಾಕಿದ. ಪಕ್ಕದಲ್ಲಿದ್ದ ನನಗೆ ಉಗಿಯಬೇಕೆನಿಸಿತು.

ಮೊನ್ನೆ ಮದುವೆಯೊಂದರಲ್ಲಿ ಅವನು ದೊಡ್ಡಮನುಷ್ಯನಂತೆ ಎಲೆ ಅಡಿಕೆ ತಟ್ಟೆ ಹಿಡಿದು ಬಂದ. ಎಲ್ಲರೆದುರು ಅತ್ತೆ ಕೈ ಹಿಂದಕ್ಕೆಳೆದುಕೊಂಡಳು.

"ನಿನ್ ಕೈ ಎಲೆ ಬೇಡ ಕಣಪ್ಪ. ಅದನ್ನೂ ಯಾರಿಗಾದ್ರೂ ಮಾರ್ಕೋ ಹೋಗು."