ಡಬ್ಬಿ ಮಾತ್ರ ಬದಲಿಸಲಾಗುತ್ತದೆ

ಜಯತೀರ್ಥರಾಯರ ಸಿಟ್ಟಿಗೆ ದಿನಕ್ಕೆ ನಾಲ್ಕು ಪಾಳಿ. ಬೆಳಗಿನದು ಹಾಲಿನವನ ಮೇಲೆ, ಹತ್ತು ಗಂಟೆಯದು ಕರೆಂಟಿನ ಮೇಲೆ, ಮಧ್ಯಾಹ್ನದ್ದು ಅಕ್ಕನ ಮಗ ಕೌಸ್ತುಭನ ಮೇಲೆ. ನಾಲ್ಕನೆಯದು ಎಲ್ಲಕ್ಕಿಂತ ಭಾರಿ. ಅದನ್ನು ವಿಡಿಯೋ ಕೆಡಿಸುವವರಿಗೆಂದೇ ಮೀಸಲಿಟ್ಟಿದ್ದರು. ದೂರ್ವಾಸ ಮುನಿ ಹೈದರಾಬಾದಿನ ಕಾಚಿಗೂಡಕ್ಕೆ ಬಂದಿದ್ದರೆ ರಾಯರ ಅಂಗಡಿಯ ಮುಂದೆ ಪಾದುಕೆ ಬಿಟ್ಟು, ಸ್ಟೂಲಿನ ಮೇಲೆ ಕೂತು, ವಾರವೊಪ್ಪತ್ತು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು.

ಅಂಗಡಿ ಎಂದರೆ ಸ್ಟೇಷನ್ನಿನ ಎದುರಿನ ಲಾಡ್ಜೊಂದರ ಮೆಟ್ಟಿಲ ಕೆಳಗಿನ ಸಂದು. ಒಂದು ಹಳೆಯ ಕಂಪ್ಯೂಟರು, ಒಂದು ಫ್ಯಾನು, ಒಬ್ಬ ರಾಯರು. ಮೇಲೊಂದು ತಗಡಿನ ಬೋರ್ಡು, ಒಂದು ಕಡೆಯ ತಂತಿ ಹರಿದು ವಾರೆಯಾಗಿ ನೇತಾಡುತ್ತಿತ್ತು. ಅದರ ಮೇಲೆ ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಬರೆಸಿದ್ದರು: ‘ಇಲ್ಲಿ ವಿಡಿಯೋ ಫೈಲಿನ ಡಬ್ಬಿ ಮಾತ್ರ ಬದಲಿಸಲಾಗುತ್ತದೆ. ಒಳಗಿನದನ್ನು ಮುಟ್ಟುವುದಿಲ್ಲ.’ ಓದಿದವರಲ್ಲಿ ಅರ್ಧ ಜನ ಮಿಠಾಯಿ ಡಬ್ಬಿ ಕೇಳಿ ಬಯ್ಯಿಸಿಕೊಳ್ಳುತ್ತಿದ್ದರು. ಉಳಿದರ್ಧ ಜನ ಏನೂ ಕೇಳದೆಯೇ ಬಯ್ಯಿಸಿಕೊಳ್ಳುತ್ತಿದ್ದರು.

ಈ ವೈರಾಗ್ಯಕ್ಕೊಂದು ಹಿನ್ನೆಲೆಯಿದೆ. ರಾಯರು ಮೂವತ್ತನಾಲ್ಕು ವರ್ಷ ರೈಲ್ವೆ ಅಂಚೆಯಲ್ಲಿ ಕಾಗದ ವಿಂಗಡಿಸಿದವರು. ಈ ಚೀಲದ ಕಾಗದವನ್ನು ಆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರಗಿನ ಮುದ್ರೆ ಒತ್ತುವುದು ಅವರ ಕೆಲಸ. ಕಾಗದ ಒಡೆಯುವುದು ಗೋಹತ್ಯೆಗೆ ಸಮ. ನಿವೃತ್ತಿಯಾದ ವರ್ಷ ಮಗಳ ಮದುವೆಯ ವಿಡಿಯೋ ಮನೆಯ ಹೊಸ ಟಿವಿಯಲ್ಲಿ ಓಡಲಿಲ್ಲ. ಸ್ಟುಡಿಯೋದವನಿಗೆ ಕೊಟ್ಟರೆ ಅವನು ಓಡುವಂತೇನೋ ಮಾಡಿದ. ಆದರೆ ಧಾರೆಯ ಹೊತ್ತಿನಲ್ಲಿ ಮಗಳ ಮುಖ ಒದ್ದೆ ಗೋಡೆಯ ಸುಣ್ಣದಂತೆ ಉದುರುತ್ತಿತ್ತು. ಆಗ ಮಾದಾಪುರದಲ್ಲಿ ಎಂಜಿನಿಯರಾಗಿದ್ದ ಕೌಸ್ತುಭ ಬಿಡಿಸಿ ಹೇಳಿದ:

“ಮಾಮಾ, ಫೈಲು ಅಂದ್ರ ನಿನ್ನ ಅಂಚೆ ಚೀಲ ಇದ್ಹಂಗ. ಒಳಗ ಚಿತ್ರ ಒಂದು ಕಾಗದ, ಧ್ವನಿ ಒಂದು ಕಾಗದ. ಟಿವಿಗೆ ಆ ಚೀಲ ಒಗ್ಗಲಿಲ್ಲ ಅಂದ್ರ ಚೀಲ ಬದಲಿ ಮಾಡಿದರ ಸಾಕು. ಇವರು ಕಾಗದಾನೇ ಒಡದು, ಓದಿ, ತಮ್ಮ ಕೆಟ್ಟ ಅಕ್ಷರದಾಗ ಮತ್ತ ಬರದು ಹಾಕ್ತಾರ. ಬರದಷ್ಟು ಸಲ ಒಂದಿಷ್ಟು ಉದರತದ.”

“ಕಾಗದ ಒಡೀತಾರ?” ರಾಯರು ಎದ್ದು ನಿಂತರು. ಅಂದು ನಿಂತವರು ಮತ್ತೆ ಸಮಾಧಾನವಾಗಿ ಕೂತದ್ದನ್ನು ಯಾರೂ ಕಂಡಿಲ್ಲ. ಚೀಲ ಬದಲಿಸುವ ಒಂದೇ ಸಾಲಿನ ಆಜ್ಞೆಯನ್ನು ಕೌಸ್ತುಭನಿಂದ ಕಲಿತರು, ಸಂಧ್ಯಾವಂದನೆಯ ಮಂತ್ರದಂತೆ ಬಾಯಿಪಾಠ ಮಾಡಿದರು, ಅಂಗಡಿ ತೆರೆದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನ ಮೇಲೆ ಮಧ್ಯಾಹ್ನದ ಪಾಳಿಯನ್ನೂ ತೆರೆದರು.

ಮೆಟ್ರೊ ಕಂಬಗಳು ಇನ್ನೂ ಎದ್ದಿರಲಿಲ್ಲ. ಮಣಿಕೊಂಡದ ಬಂಡೆಗಳನ್ನು ಸಿಡಿಸಿ ಸಾಫ್ಟ್‌ವೇರಿನವರಿಗೆ ಮನೆ ಕಟ್ಟುತ್ತಿದ್ದ ಕಾಲ. ಒಂದು ಶನಿವಾರ ಬೆಳಿಗ್ಗೆ ನಲವತ್ತರ ಆಸುಪಾಸಿನ ಗಂಡಾಳೊಬ್ಬ ಪೆನ್‌ಡ್ರೈವ್ ಹಿಡಿದು ಬಂದು ನಿಂತ.

“ನಮಸ್ಕಾರ್ರಿ ಸಾಹೇಬ್ರ. ಬೋರ್ಡಿನ ಮ್ಯಾಲ ಕನ್ನಡ ನೋಡಿ ಬಂದೀನ್ರಿ.”

“ಕನ್ನಡ ನೋಡಿ ಬಂದ್ಯೋ, ಕೆಲಸ ಅದ ಅಂತ ಬಂದ್ಯೋ?”

“ಮಾನ ಹೋಗಾಕತ್ತೈತಿ ಅಂತ ಬಂದೀನ್ರಿ.”

ಮಲ್ಲಣ್ಣ ರಾಯಚೂರು ಸೀಮೆಯವನು. ಮಣಿಕೊಂಡದ ಒಂದು ಕಟ್ಟಡದಲ್ಲಿ, ಕೆಲಸದವರು ಹತ್ತಿ ನಿಲ್ಲುವ ಬೊಂಬಿನ ಸಾರುವೆ ಕಟ್ಟುವುದು ಅವನ ಕೆಲಸ. ನಾರಿನ ಹಗ್ಗವನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಒಂದೊಂದು ಬೊಂಬಿನ ಕೂಡಿಗೂ ಏಳು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸುವ ಕಟ್ಟು. ಹನ್ನೆರಡು ವರ್ಷದಲ್ಲಿ ಒಂದೂ ಜಾರಿರಲಿಲ್ಲ. ಕಳೆದ ಸೋಮವಾರ ಜಾರಿತು. ಅವನೂರಿನವನೇ ಆದ ಕಾಶಿನಾಥ ಮೊದಲ ಅಂತಸ್ತಿನಿಂದ ಬಿದ್ದು ಕಾಲು ಮುರಿದುಕೊಂಡ. ಹೋಗಿ ನೋಡಿದರೆ ಆ ಕೂಡಿಗೆ ನಾರಿನ ಹಗ್ಗವೇ ಇಲ್ಲ. ಪಾರ್ಸೆಲ್ ಕಟ್ಟುವ ನೀಲಿ ಪ್ಲಾಸ್ಟಿಕ್ ದಾರ, ಎರಡು ಸುತ್ತು. ಸೂಪರ್‌ವೈಸರ್ ಎಲ್ಲರ ಮುಂದೆ ಕೂಗಿದ: “ಇವನೇ ಕಟ್ಟಿದ್ದು. ಕುಡಿದು ಕಟ್ಟಿದ್ದು.”

ಮಲ್ಲಣ್ಣ ವೀರಭದ್ರನ ಮೇಲೆ ಆಣೆ ಇಟ್ಟು ಕುಡಿತ ಬಿಟ್ಟು ಒಂಬತ್ತು ವರ್ಷವಾಗಿತ್ತು. ವಿಚಾರಣೆಯಲ್ಲಿ ತಪ್ಪು ಅವನದೆಂದಾದರೆ ಮಣಿಕೊಂಡದಿಂದ ಮಾದಾಪುರದವರೆಗೆ ಯಾವ ಕಟ್ಟಡದಲ್ಲೂ ಅವನ ಕೈಗೆ ಹಗ್ಗ ಕೊಡುವವರಿರಲಿಲ್ಲ. ಊರಿನಲ್ಲಿ ಕಾಶಿನಾಥನ ಮನೆಯವರೂ ಮುಂದೆ ಅವನ ಕೈಯ ನೀರು ಕುಡಿಯುವವರಲ್ಲ.

ದೇವರು ದೊಡ್ಡವನು, ಅವನಿಗಿಂತ ದೊಡ್ಡವಳು ಮಲ್ಲಣ್ಣನ ಹೆಂಡತಿ ಯಂಕಮ್ಮ. ಅವತ್ತು ಬೆಳಿಗ್ಗೆ ಸ್ಲ್ಯಾಬ್ ಪೂಜೆಯಿತ್ತು. ಗಂಡ ತೆಂಗಿನಕಾಯಿ ಒಡೆಯುವುದನ್ನು ತವರಿಗೆ ತೋರಿಸಲೆಂದು ಅವಳು ಮೊಬೈಲಿನಲ್ಲಿ ಹಿಡಿದಿದ್ದಳು. ಮುಂದೆ ಮಲ್ಲಣ್ಣ, ಕಾಯಿ, ಕರ್ಪೂರ. ಹಿಂದೆ, ಅವಳಿಗೂ ಗೊತ್ತಾಗದಂತೆ, ಸೂಪರ್‌ವೈಸರ್ ಸ್ವತಃ ಸಾರುವೆಯ ನಾರಿನ ಹಗ್ಗ ಬಿಚ್ಚುತ್ತಿದ್ದ. ಕಟ್ಟಡದ ಮಾಲೀಕ ಬರುವವನಿದ್ದ. ಅವನಿಗೆ ಸ್ವಾಗತದ ಬ್ಯಾನರು ಕಟ್ಟಲು ಹಗ್ಗ ಬೇಕಿತ್ತು.

“ಹಂಗಾರ ಮುಗೀತಲ್ಲೋ! ತೋರಸಬೇಕಿತ್ತು.”

“ತೋರಸೀನ್ರಿ. ಅಲ್ಲೇ ಘಾತ ಆಗೈತ್ರಿ.”

ಎರಡಿಂಚಿನ ಒಡಕು ಮೊಬೈಲಿನಲ್ಲಿ ಏನೂ ಕಾಣದೆಂದು, ಸೈಟಿನ ಆಫೀಸಿನ ಟಿವಿಗೆ ಹಾಕಲು ಪೆನ್‌ಡ್ರೈವಿನಲ್ಲಿ ತರಲು ಹೇಳಿದ್ದರು. ಮೊಬೈಲಿನ ಫೈಲು ಥ್ರೀಜಿಪಿ. ಆ ಟಿವಿ ಎಂಪಿಫೋರ್ ಮಾತ್ರ ತಿನ್ನುತ್ತಿತ್ತು. ಮಣಿಕೊಂಡದ ಮೊಬೈಲ್ ಅಂಗಡಿಯವನು ಮುಕ್ಕಾಲು ಗಂಟೆ ಕೂತು ‘ಕನ್ವರ್ಟ್’ ಮಾಡಿಕೊಟ್ಟಿದ್ದ. ಶುಕ್ರವಾರ ಹಾಕಿದರೆ ಸೂಪರ್‌ವೈಸರ್ ಬಿದ್ದುಬಿದ್ದು ನಕ್ಕನಂತೆ.

ರಾಯರು ಪೆನ್‌ಡ್ರೈವ್ ಚುಚ್ಚಿದರು. ಮಲ್ಲಣ್ಣ ಮುದ್ದೆಯಾಗಿದ್ದ. ತೆಂಗಿನಕಾಯಿ ಚೌಕವಾಗಿತ್ತು. ಹಿಂದಿದ್ದ ಮನುಷ್ಯ ಒಂದು ಹಸಿರು ಕಲೆ. ಸಾಲದೆಂಬಂತೆ, ಪುಕ್ಕಟೆ ಸಾಫ್ಟ್‌ವೇರು ತನ್ನ ಹೆಸರನ್ನು ಕೆಂಪು ಅಕ್ಷರದಲ್ಲಿ ಚಿತ್ರದ ನಟ್ಟನಡುವೆ, ಸರಿಯಾಗಿ ಆ ಹಸಿರು ಕಲೆಯ ಮುಖವಿರಬೇಕಾದ ಕಡೆ, ಒತ್ತಿತ್ತು.

ನಾಲ್ಕನೆಯ ಪಾಳಿಯ ಸೈರನ್ ಆಯಿತು.

“ಕೊಲೆಗಡಕರು! ಕಾಗದ ಒಡದದ್ದಲ್ಲದ ಅದರ ಮ್ಯಾಲ ತಮ್ಮ ಹೆಸರು ಬೇರೆ ಬರದಾರ! ಆ ಅಂಗಡಿಯವನ ನಂಬರ್ ಕೊಡು.”

ಫೋನು ಎತ್ತಿದವನಿಗೆ ರಾಯರು ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಏರಿ, ಹಿಂದಿಯಲ್ಲಿ ಸ್ಫೋಟಿಸಿದರು. ಆ ಕಡೆಯವನು ತಣ್ಣಗೆ, “ಅಂಕಲ್, ಸೈಜ್ ಕಮ್ ಕರಕೇ ದಿಯಾ, ಖುಷ್ ಹೋನಾ ಚಾಹಿಯೇ” ಎಂದ. ಚಿತ್ರ ಸಣ್ಣದಾಗಿದ್ದಕ್ಕೆ ಸಂತೋಷಪಡಬೇಕಂತೆ! ಲಾಡ್ಜಿನ ಮೇಲಿನ ಮಹಡಿಯಲ್ಲಿ ಮಲಗಿದ್ದ ಇಬ್ಬರು ಪ್ರಯಾಣಿಕರು ಎದ್ದು ಕೆಳಗಿಳಿದು ಬಂದರು.

“ಇರಲಿ. ಮೂಲ ಎಲ್ಲದ? ಯಂಕಮ್ಮ ಹಿಡದದ್ದು?”

“ಊರಿಗೆ ಹೋತ್ರಿ.”

“ಊರಿಗೆ?”

ಕಟ್ಟಡದ ಕೆಲಸಗಾರರ ಶೆಡ್ಡುಗಳಲ್ಲಿ ಅದು ವಾಡಿಕೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುವವರ ಕೈಯಲ್ಲಿ ತುಂಬಿದ ಮೆಮೊರಿ ಕಾರ್ಡು ಹೋಗುತ್ತದೆ. ಊರಿನವರು ಮನೆಮನೆಗೂ ಒಯ್ದು ನೋಡುತ್ತಾರೆ. ನೋಡಿ ಮುಗಿದ ಮೇಲೆ ಕಾರ್ಡನ್ನು ತೊಳೆದ ಪಾತ್ರೆಯಂತೆ ಖಾಲಿ ಮಾಡಿ, ರೊಟ್ಟಿ ಗಂಟಿನಲ್ಲಿ ಚಟ್ನಿಪುಡಿಯ ಪೊಟ್ಟಣದೊಳಗಿಟ್ಟು ವಾಪಸು ಕಳಿಸುತ್ತಾರೆ. ಖಾಲಿ ಪಾತ್ರೆ ಕಳಿಸಬಾರದೆಂದು ರೊಟ್ಟಿ. ತುಂಬಿದ ಕಾರ್ಡು ಕಳಿಸಬಾರದೆಂದು ಅಳಿಸುವುದು. ಅಂಗಡಿಯವನು ಹೊಸದು ಮಾಡಿಕೊಟ್ಟಿದ್ದಾನಲ್ಲ, ಹಳೆಯದು ಯಾಕೆಂದು ಮಲ್ಲಣ್ಣ ಗುರುವಾರವೇ ಕಾರ್ಡು ಕಳಿಸಿಬಿಟ್ಟಿದ್ದ.

ರಾಯರ ಮುಖ ಮೊದಲ ಸಲ ಬಿಳುಚಿಕೊಂಡಿತು. “ಹಚ್ಚು ಫೋನು!”

ಯಂಕಮ್ಮನ ತಾಯಿ ಜಯಮ್ಮ ಎತ್ತಿದಳು. ರಾಯರು ಮೊಬೈಲ್ ಕಿತ್ತುಕೊಂಡರು.

“ತಾಯಿ, ಆ ಕಾರ್ಡು ಅಳಿಸೀರೇನು?”

“ಇನ್ನೂ ಇಲ್ರಿ. ಇನ್ನ ಮೂರು ಮನಿಯವ್ರು ನೋಡೋದೈತಿ. ಸಂಜಿಗೆ ಅಳಸ್ತೀವಿ.”

“ಅಳಸಬ್ಯಾಡ್ರಿ! ಯಾರಿಗೂ ತೋರಸಬ್ಯಾಡ್ರಿ! ಮುಟ್ಟಬ್ಯಾಡ್ರಿ! ಹಂಗೇ ಇವತ್ತಿನ ಗಾಡಿಗೆ ಕಳಸ್ರಿ!”

“ಯಾರ ಇವಾ, ಹಿಂಗ ಒದರತಾನ? ಏ ಮಲ್ಲಣ್ಣಾ, ಪೊಲೀಸರು ಹಿಡಕೊಂಡಾರೇನೋ ನಿನ್ನ?”

“ಇಲ್ಲ ಅತ್ತಿ, ಪುಣ್ಯಾತ್ಮರು ಅದಾರ. ಸಿಟ್ಟು ಸ್ವಲ್ಪ ಭಾಳ ಐತಿ, ಅಷ್ಟ. ಅವರು ಹೇಳಿದಂಗ ಮಾಡು.”

“ರೊಟ್ಟಿ ಬಡದಿಲ್ಲಲ್ಲೋ ಇನ್ನೂ! ಬರೇ ಕಾರ್ಡು ಹ್ಯಾಂಗ ಕಳಸ್ಲಿ?”

ರೊಟ್ಟಿಯಿಲ್ಲದೆ ಕಾರ್ಡು ಕಳಿಸಲು ಜಯಮ್ಮ ಕೊನೆಗೂ ಒಪ್ಪಲಿಲ್ಲ. ಅಂಚೆ ಇಲಾಖೆಯ ಇಡೀ ರೋಷ ಒಬ್ಬ ಮುದುಕಿಯ ಹೆಂಚಿನ ಮುಂದೆ ಸೋತಿತು. ನಲವತ್ತು ರೊಟ್ಟಿ ಬಡಿದ ಮೇಲೆಯೇ ಗಂಟು ಗದ್ವಾಲದವರೆಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಭಾನುವಾರ ಕಾಚಿಗೂಡಕ್ಕೆ ಬಂತು. ರಾಯರು ಪ್ಲಾಟ್‌ಫಾರ್ಮಿನ ಮೇಲೇ ಗಂಟು ಬಿಚ್ಚಿ, ಶೇಂಗಾ ಚಟ್ನಿಪುಡಿಯಲ್ಲಿ ಕೈಯಾಡಿಸಿ ಕಾರ್ಡು ತೆಗೆದು, ಧೋತರದ ಅಂಚಿಗೆ ಒರೆಸಿದರು. ಮೂವತ್ತನಾಲ್ಕು ವರ್ಷ ಅದೇ ಪ್ಲಾಟ್‌ಫಾರ್ಮಿನಲ್ಲಿ ಚೀಲ ಇಳಿಸಿಕೊಂಡವರು. ಆದರೆ ಇಷ್ಟು ಖಾರದ ಟಪಾಲು ಬಂದಿರಲಿಲ್ಲ.

ಅಂಗಡಿಯಲ್ಲಿ ಕಾರ್ಡು ತೂರಿಸಿ ಒಂದೇ ಸಾಲು ಟೈಪು ಮಾಡಿದರು. ಅದರಲ್ಲಿದ್ದ, ಒಳಗಿನದನ್ನು ಇದ್ದಂತೆಯೇ ಸಾಗಿಸೆನ್ನುವ ‘ಕಾಪಿ’ ಎಂಬ ಪದವನ್ನು ಬೀಜಾಕ್ಷರದಂತೆ ಉಚ್ಚರಿಸಿ ಎಂಟರ್ ಒತ್ತಿದರು. ನಾಲ್ಕು ಸೆಕೆಂಡು.

“ಆತು.”

“ಆತೇನ್ರಿ?” ಮಲ್ಲಣ್ಣನ ಮುಖ ಬಾಡಿತು. “ಆ ಅಂಗಡ್ಯಾಂವ ಮುಕ್ಕಾಲು ತಾಸು ತಗೊಂಡಿದ್ನಲ್ರಿ.”

“ಕೆಡಸಲಿಕ್ಕೆ ಟೈಮ್ ಬೇಕಾಗ್ತದಪಾ. ನಾ ಏನೂ ಮಾಡೇ ಇಲ್ಲ. ಏನೂ ಮಾಡದೇ ಇರೋದ ನನ್ನ ಕಸಬು.”

ತೆರೆಯ ಮೇಲೆ ತೆಂಗಿನಕಾಯಿ ದುಂಡಗಾಗಿತ್ತು. ಹಿಂದೆ ಗಿಳಿಹಸಿರು ಅಂಗಿಯ ಸೂಪರ್‌ವೈಸರ್, ಬಾಯಲ್ಲಿ ನೀಲಿ ದಾರದ ತುದಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ನಾರಿನ ಹಗ್ಗ ಬಿಚ್ಚುತ್ತಿದ್ದ. ಸುತ್ತುಗಳನ್ನು ಎಣಿಸಬಹುದಿತ್ತು. ಮಲ್ಲಣ್ಣ ಎಣಿಸಿದ. ಏಳು. ನಂತರ ಮುಖ ಆಚೆ ತಿರುಗಿಸಿಕೊಂಡ.

ಸೋಮವಾರ ರಾಯರು ತಾವೂ ಮಣಿಕೊಂಡಕ್ಕೆ ಹೊರಟರು. ಎರಡು ಬಸ್ಸು, ಇಬ್ಬರು ಕಂಡಕ್ಟರ್, ಎರಡು ಯುದ್ಧ. ವಿಚಾರಣೆ ನಡೆಸಿದವಳು ಸುರಕ್ಷತೆ ನೋಡಿಕೊಳ್ಳುವ ಎಂಜಿನಿಯರ್ ಮೃಣಾಲಿನಿ. ಮನೆಯಲ್ಲಿ ಕನ್ನಡ ಮಾತಾಡುವ ಹೈದರಾಬಾದಿನ ಹುಡುಗಿ. ಟಿವಿಯಲ್ಲಿ ವಿಡಿಯೋ ಓಡಿತು. ಬಾಯಲ್ಲಿ ನೀಲಿ ದಾರ ಕಚ್ಚಿದ ಮುಖ ಗೋಡೆಯಷ್ಟಗಲ ಕಂಡಿತು. ಆಮೇಲೆ ಸೂಪರ್‌ವೈಸರ್ ಎದ್ದ.

“ಮೇಡಂ, ಏ ಸಬ್ ಕಂಪ್ಯೂಟರ್ ಮೇ ಬನಾಯಾ ಹುವಾ ಹೈ. ಶುಕ್ರವಾರ್ ಕೋ ಕುಛ್ ನಹೀಂ ದಿಖಾ, ಆಜ್ ಸಬ್ ಸಾಫ್ ಕೈಸೇ?” ಎಲ್ಲ ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದು, ಶುಕ್ರವಾರ ಕಾಣದ್ದು ಇವತ್ತು ಹೇಗೆ ಕಂಡಿತು ಎಂದು ರಾಯರತ್ತ ಬೆರಳು ತೋರಿಸಿದ. “ಈ ಮುದುಕ ಚಿತ್ರ ಬದಲಿಸಿದ್ದಾನೆ.”

ಕಾಗದ ಒಡೆದನೆಂಬ ಆರೋಪ! ಅದೂ ಜಯತೀರ್ಥರಾಯರ ಮೇಲೆ! ಮಲ್ಲಣ್ಣ ಹೆದರಿ ಕುರ್ಚಿ ಹಿಂದಕ್ಕೆ ಸರಿಸಿಕೊಂಡ. ಆದರೆ ರಾಯರು ಕೂಗಲಿಲ್ಲ. ಅವರ ಧ್ವನಿ ಹಲ್ಲಿ ಲೊಚಗುಟ್ಟಿದಷ್ಟು ಸಣ್ಣಗಾಯಿತು. ಅವರಿಗೊಂದು ಐದನೆಯ ಪಾಳಿಯೂ ಇದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

“ತಂಗಿ, ಚೀಲ ಬಂತು ಅಂದ್ರ ನಾವು ಮೊದಲು ಅರಗಿನ ಮುದ್ರೆ ನೋಡತಿದ್ವಿ. ಇದಕ್ಕೂ ಮುದ್ರೆ ಅದ. ಊರಿಂದ ಬಂದ ಕಾರ್ಡು ತೊಗೋ, ನನ್ನ ಪೆನ್‌ಡ್ರೈವ್ ತೊಗೋ. ನಿನ್ನ ಲ್ಯಾಪ್‌ಟಾಪಿನಾಗ ನಿನ್ನ ಕೈಲೇ ನೋಡು. ನಾ ಮುಟ್ಟೂದಿಲ್ಲ.”

ಅವರು ಹೇಳಿದ ಸಾಲನ್ನು ಮೃಣಾಲಿನಿ ಟೈಪು ಮಾಡಿದಳು. ಎರಡೂ ಫೈಲುಗಳ ಒಳಗಿನ ಚಿತ್ರವನ್ನಷ್ಟೇ ಅಳೆದು ಕಂಪ್ಯೂಟರು ಒಂದೊಂದಕ್ಕೆ ಮೂವತ್ತೆರಡು ಅಕ್ಷರದ ಒಂದು ಗುರುತು ಕೊಟ್ಟಿತು. ಚಿತ್ರದಲ್ಲಿ ಒಂದು ಚುಕ್ಕಿ ಬದಲಾದರೂ ಗುರುತು ಬೇರೆಯಾಗುತ್ತದೆ ಎಂದು ಅವಳೇ ಎಲ್ಲರಿಗೂ ತಿಳಿಸಿ, ಒಂದನ್ನು ತಾನು ಓದುತ್ತ, ಇನ್ನೊಂದನ್ನು ಸೂಪರ್‌ವೈಸರನಿಂದಲೇ ಓದಿಸಿದಳು. ಒಂದೊಂದು ಅಕ್ಷರಕ್ಕೂ ಅವನ ಧ್ವನಿ ಒಂದೊಂದು ಮೆಟ್ಟಿಲು ಇಳಿಯಿತು. ಇಪ್ಪತ್ತನೆಯ ಅಕ್ಷರಕ್ಕೆ ನಿಂತೇಬಿಟ್ಟಿತು.

“ಓದ್ರಿ, ಓದ್ರಿ,” ಎಂದರು ರಾಯರು. “ಇನ್ನ ಹನ್ನೆರಡು ಅವ.”

ಓದಿದ. ಮೂವತ್ತೆರಡಕ್ಕೆ ಮೂವತ್ತೆರಡೂ ತಾಳೆಯಾದವು.

“ಕಾಕಾ, ಮುದ್ರೆ ಸರಿ ಅದ,” ಎಂದಳು ಮೃಣಾಲಿನಿ. ಆಮೇಲೆ ಸೂಪರ್‌ವೈಸರನತ್ತ ತಿರುಗಿ ತೆಲುಗಿನಲ್ಲಿ ಹೇಳಿದ ಮಾತಿನಲ್ಲಿ ‘ಪೊಲೀಸ್’ ಎಂಬ ಪದ ಎರಡು ಸಲ ಬಂತು. ಅವನು ಅವತ್ತೇ ಸೈಟಿನಿಂದ ಹೊರಬಿದ್ದ. ಮಲ್ಲಣ್ಣ ನೆಟ್ಟಗೆ ಆಸ್ಪತ್ರೆಗೆ ಹೋದ. ಪ್ಲಾಸ್ಟರಿನ ಕಾಲು ಮೇಲೆತ್ತಿ ಮಲಗಿದ್ದ ಕಾಶಿನಾಥ ಅವನ ಕೈಯಿಂದ ನೀರಿನ ಲೋಟ ಇಸಿದುಕೊಂಡು ಪೂರ್ತಿ ಕುಡಿದ, “ನಂಗ ಮೊದಲ ಗೊತ್ತಿತ್ತಲೇ” ಎಂದು ಸುಳ್ಳೂ ಹೇಳಿದ.

ಮುಂದಿನ ಭಾನುವಾರ ರಾಯರು ಅಂಗಡಿಗೆ ಬಂದರೆ ಮಲ್ಲಣ್ಣ ಏಣಿಯ ಮೇಲಿದ್ದ. ಅವರ ತುಕ್ಕು ತಂತಿಯೆಲ್ಲ ಕೆಳಗೆ ಬಿದ್ದಿತ್ತು. ವಾರೆಯಾಗಿದ್ದ ಬೋರ್ಡು ನೆಟ್ಟಗಾಗಿತ್ತು. ಎರಡೂ ಕಡೆ ನೆನೆಸಿದ ನಾರಿನ ಹಗ್ಗ, ಏಳೇಳು ಸುತ್ತು.

“ಯಾರನ್ನ ಕೇಳಿ ನನ್ನ ಬೋರ್ಡು ಬಿಚ್ಚಿದ್ಯೋ?” ರಾಯರು ಗುಡುಗಿದರು. ಹೊತ್ತು ಇನ್ನೂ ಒಂಬತ್ತಾಗಿರಲಿಲ್ಲ. ಅದು ಯಾವ ಪಾಳಿಗೂ ಸೇರದ ಗುಡುಗು.

ಮಲ್ಲಣ್ಣ ಹಗ್ಗದ ತುದಿಯನ್ನು ಒಳಗೆ ಸಿಕ್ಕಿಸುತ್ತ ಹೇಳಿದ:

“ಹಗ್ಗ ಅಷ್ಟ ಬದಲಿ ಮಾಡೀನ್ರಿ ರಾಯರ. ಬೋರ್ಡಿಗೆ ಕೈ ಹಚ್ಚಿಲ್ರಿ.”